ಹಲಸಿನ ಬೊಡ್ಡೆ ಇದ್ದ ಜಾಗ

ನಿವೃತ್ತಿಯ ದಿನ ದಾಂಡೇಲಿಯ ಮೀನುಗಾರಿಕೆ ಕಚೇರಿಯಲ್ಲಿ ಹಾರ, ಶಾಲು, ಚಹಾ, ಚೂಡಾ ಎಲ್ಲ ಮುಗಿದ ಮೇಲೆ, ನನ್ನ ಜಾಗಕ್ಕೆ ಬಂದಿದ್ದ ಶಬಾನಾ ಎಂಬ ಹುಡುಗಿ ಒಂದು ಪ್ರಶ್ನೆ ಕೇಳಿದಳು. ಕಾಗದ ಕಾರ್ಖಾನೆಯಲ್ಲಿ ಪಾಳಿ ದುಡಿದವರ ಮಗಳು, ಮೀನುಗಾರಿಕೆಯನ್ನೇ ಓದಿ ಬಂದವಳು. ತಮಾಷೆಗೆ ಕೇಳಿದ್ದಲ್ಲ.

"ಸರ, ಮಳಿಗಾಲದಾಗ ಮೀನಮರಿ ಬಿಡೂದಿರ್ತೈತಿ. ಚಳಿಗಾಲದಾಗ ಹಿಡಿಯೂದು ನೋಡೂದಿರ್ತೈತಿ. ಬ್ಯಾಸಿಗ್ಯಾಗ ನೀರ ಇಳಿದು ಹೋಗಿರ್ತೈತಿ. ಆಗ ನಮಗೇನ ಕೆಲಸರಿ?"

"ಕುಂತ ಮಜ್ಜಿಗಿ ಕುಡಿಯೂದು" ಎಂದೆ. ಎಲ್ಲರೂ ನಕ್ಕರು. ಹಳಿಯಾಳದ ಬಸ್ಸು ಹತ್ತಿ ಕುಳಿತ ಮೇಲೆ ಆ ಉತ್ತರ ನನ್ನನ್ನೇ ಚುಚ್ಚತೊಡಗಿತು. ಮೂವತ್ತಕ್ಕೂ ಹೆಚ್ಚು ವರ್ಷದ ನೌಕರಿಯಲ್ಲಿ ನಾನು ಮಾಡಿದ ದೊಡ್ಡ ತಪ್ಪು ಬೇಸಿಗೆಯಲ್ಲಿ ಮಾಡಿದ್ದು, ಕಲಿತದ್ದೂ ಬೇಸಿಗೆಯಲ್ಲಿಯೇ. ಯಾವಾಗ ಬಡ್ತಿ ಸಿಕ್ಕಿತು, ಯಾವಾಗ ವರ್ಗವಾಯಿತು ಎಂಬುದೆಲ್ಲ ನನ್ನ ಸೇವಾ ಪುಸ್ತಕದಲ್ಲಿದೆ, ಅಲ್ಲೇ ಇರಲಿ. ಆ ಹುಡುಗಿಗೂ, ಅವಳ ಹಾಗೆ ಈ ಕೆಲಸಕ್ಕೆ ಬರುವವರಿಗೂ ಬೇಸಿಗೆಯ ಸಂಗತಿಯನ್ನಷ್ಟೇ ಬರೆಯುತ್ತೇನೆ.

ಮೊದಲು ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಾನು ಮೀನು ತಿಂದವನಲ್ಲ. ನಮ್ಮದು ಹಳಿಯಾಳದ ಕಡೆಯ ಒಕ್ಕಲುತನದ ಮನೆ, ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ನೌಕರಿಯ ಆದೇಶ ಬಂದ ದಿನ ಅವ್ವ ಜೋಳ ಹಸನು ಮಾಡುತ್ತ ಕುಳಿತಿದ್ದಳು. "ಯಾ ಇಲಾಖೆ?" ಎಂದಳು. "ಮೀನಿಂದು" ಎಂದೆ. ಅವಳ ಕೈಯಲ್ಲಿದ್ದ ಮೊರ ನಿಂತಿತು.

"ಹಿಡಿಯೂ ಕೆಲಸೋ, ಸಾಕೂ ಕೆಲಸೋ?"

"ಸಾಕೂದು, ಅವ್ವಾ."

"ಹಂಗಾದ್ರ ಅಡ್ಡಿಯಿಲ್ಲ. ದನ ಸಾಕಿಲ್ಲೇನ ನಾವು?"

ಹೇಳಿದ್ದು ಅರ್ಧ ಸುಳ್ಳು. ಅವ್ವನಿಗೂ ಅದು ಗೊತ್ತಿತ್ತು. ನನ್ನ ಕೆಲಸದ ಅಂಗಿಗೆ ದನದ ಕೊಟ್ಟಿಗೆಯಲ್ಲಿ ಬೇರೆ ಗೂಟ, ಹಿತ್ತಲಲ್ಲಿ ಎರಡು ಕೊಡ ನೀರು ಸುರಿದುಕೊಳ್ಳದೆ ಒಳಗೆ ಪ್ರವೇಶವಿಲ್ಲ. ಆದರೆ ಊಟಕ್ಕೆ ಕುಳಿತಾಗ ತಪ್ಪದೆ ಕೇಳುತ್ತಿದ್ದಳು, "ಪಾಪ, ಇವತ್ತರ ಅವ್ರಿಗೆ ಮೀನ ಸಿಕ್ವೋ ಇಲ್ಲೋ?" ಹೊಳೆಯ ದಂಡೆಯಲ್ಲಿ ನನಗೆ ಬಿದ್ದ ಹೆಸರು ಕಾಯಿಪಲ್ಲೆ ಸಾಹೇಬ. ನಿವೃತ್ತಿಯವರೆಗೂ ಆ ಹೆಸರು ಬಿಡಲಿಲ್ಲ, ನನಗೂ ಬಿಡಿಸಿಕೊಳ್ಳಬೇಕು ಅನ್ನಿಸಲಿಲ್ಲ.

ಹೋಳಿಯಿಂದ ಜೂನ್ ಮೊದಲಿನ ಮಿರಗದ ಮಳೆಯವರೆಗೆ ನನ್ನ ಕೆಲಸ ನೀರು ನೋಡುವುದು. ಮೇಲೆ ಜೋಯಿಡಾದಲ್ಲಿ ಅಣೆಕಟ್ಟಿನ ಹಿನ್ನೀರು, ಕೆಳಗೆ ಕಾಳಿ ಹೊಳೆ, ಆಚೆಗೆ ಹಳಿಯಾಳ ಮುಂಡಗೋಡದ ಕೆರೆಗಳು. ಕೈಯಲ್ಲಿ ಒಂದು ಉಷ್ಣಮಾಪಕ, ಗಂಟು ಹಾಕಿದ ಹಗ್ಗ, ಅದರ ತುದಿಗೆ ಕಪ್ಪು ಬಿಳಿ ಬಣ್ಣ ಬಳಿದ ತಗಡಿನ ತಟ್ಟೆ. ತಟ್ಟೆಯನ್ನು ನೀರಿಗೆ ಬಿಟ್ಟು ಎಷ್ಟನೆಯ ಗಂಟಿಗೆ ಕಣ್ಮರೆಯಾಯಿತು ಎಂದು ನೋಡಿದರೆ ನೀರು ಎಷ್ಟು ತಿಳಿಯಾಗಿದೆ ಎಂಬುದು ತಿಳಿಯುತ್ತದೆ. ಇದನ್ನೆಲ್ಲ ವಾರಕ್ಕೊಮ್ಮೆ ದಂಡೆಯ ಛಾವಣಿಯ ಕೆಳಗೆ ಒಂದು ಹಲಗೆಯ ಮೇಲೆ ಬರೆಯಬೇಕು: ನೀರು ಎಷ್ಟು ಇಳಿಯಿತು, ಬೆಳಿಗ್ಗೆ ಎಷ್ಟು ಬಿಸಿ, ಯಾವ ಕೊಳ್ಳದಲ್ಲಿ ಕಟ್ಲಾ, ಯಾವ ಬಂಡೆಯ ಹತ್ತಿರ ಬಾಳೆಮೀನು. ಮೀನುಗಾರರು ಅದನ್ನು ಓದಿ ತಮ್ಮತಮ್ಮಲ್ಲೇ ನಗುತ್ತಿದ್ದರು. ನಾನು ಬರೆಯುವ ಹೊತ್ತಿಗೆ ಅವರು ಆ ಮೀನು ಹಿಡಿದು, ಮಾರಿ, ಉಂಡೂ ಆಗಿರುತ್ತಿತ್ತು.

ನನ್ನ ಜೊತೆಗೆ ಹರಿಗೋಲು ಹಾಕುತ್ತಿದ್ದವನು ಬಸ್ತ್ಯಾಂವ. ಹಳಿಯಾಳ ತಾಲೂಕಿನ ಸಿದ್ದಿ, ನನಗಿಂತ ನಾಲ್ಕು ವರ್ಷ ದೊಡ್ಡವನು. ಅಣೆಕಟ್ಟಿನ ಕೆಳಗೆ ಹೊಳೆಯ ಬೇಸಿಗೆ ಬೇರೆಯೇ ತರಹದ್ದು. ವಿದ್ಯುತ್ ತಯಾರಿಸಿ ಬಿಡುವ ನೀರು ಜಲಾಶಯದ ತಳದಿಂದ ಬರುವುದರಿಂದ ಸುಡುವ ಮಧ್ಯಾಹ್ನದಲ್ಲೂ ಕೊರೆಯುವಷ್ಟು ತಣ್ಣಗಿರುತ್ತದೆ. ಅದು ಬಂದಾಗ ಹೊಳೆ ಏರುತ್ತದೆ, ಮೀನು ಬಾಯಿ ಮುಚ್ಚಿಕೊಳ್ಳುತ್ತದೆ. ಬಸ್ತ್ಯಾಂವ ಒಂದು ಕಾಲನ್ನು ನೀರಿನಲ್ಲಿ ಇಳಿಬಿಟ್ಟುಕೊಂಡೇ ಕುಳಿತಿರುತ್ತಿದ್ದ. ಇದ್ದಕ್ಕಿದ್ದಂತೆ ಕಾಲು ಎತ್ತಿ, "ಬಂತ್ರಿ ಸಾಹೇಬ್ರ, ಥಂಡಿ ಬಂತು. ದಂಡಿಗೆ ಹೋಗೂಣು" ಎನ್ನುವನು. ನಾನು ಉಷ್ಣಮಾಪಕ ಅದ್ದಿ ನೋಡಿದರೆ ಪಾದರಸ ಇನ್ನೂ ಮೇಲೆಯೇ ಇರುತ್ತಿತ್ತು. "ನಿಮ್ಮ ಗಾಜಿನ ಕಡ್ಡಿ ಇನ್ನಾ ನಿದ್ದಿ ಮಾಡಾಕತ್ತೈತ್ರಿ, ಅದಕ್ಕೊಂದೀಟ ಚಾ ಕುಡಸ್ರಿ" ಎಂದು ಅವನು ಹರಿಗೋಲು ತಿರುಗಿಸಿಯೇ ಬಿಟ್ಟಿರುತ್ತಿದ್ದ.

ನನ್ನ ಮೊದಲ ಎಡವಟ್ಟು ಮುಂಡಗೋಡದ ಸನವಳ್ಳಿ ಕೆರೆಯಲ್ಲಿ. ನೌಕರಿಗೆ ಸೇರಿದ ಮೊದಲ ಬೇಸಿಗೆಯ ಕೊನೆ, ಒಂದು ದೊಡ್ಡ ಮಳೆ ಬಿದ್ದಿದೆ, ಮೀನುಮರಿಗಳ ಚೀಲ ಹೊತ್ತು ಹೋಗಿದ್ದೇವೆ. ಬಿಸಿಲು ನೆತ್ತಿಯ ಮೇಲೆ. ಊಟದ ಹೊತ್ತು ಮೀರುತ್ತಿದೆ ಎಂದು ನಾನು ಚೀಲದ ಬಾಯಿ ಬಿಚ್ಚಿ ಎಲ್ಲವನ್ನೂ ಒಮ್ಮೆಲೇ ಸುರಿದೆ. ಕಣ್ಣೆದುರಿಗೇ ಅರ್ಧಕ್ಕರ್ಧ ಮರಿಗಳು ಹೊಟ್ಟೆ ಮೇಲಾಗಿ ತೇಲಿದವು. ನಮ್ಮ ಮೊದಲ ಸಾಹೇಬರು ಮುಂಗೋಪಿ ಮನುಷ್ಯ. ಅಂದು ಮಾತ್ರ ಬೈಯಲಿಲ್ಲ. ಉಳಿದಿದ್ದ ಒಂದು ಚೀಲವನ್ನು ಬಾಯಿ ಬಿಚ್ಚದೆ ಹಾಗೆಯೇ ನೀರಿನ ಮೇಲೆ ತೇಲಬಿಟ್ಟರು.

"ಒಳಗಿನ ನೀರು, ಹೊರಗಿನ ನೀರು ಒಂದಾಗಬೇಕು. ಅರ್ಧ ತಾಸು ಬೇಕು ಅದಕ್ಕ. ನೀ ಬಾಜೂಕ ಸುಮ್ನ ಕೂಡು. ಅದ ನಿನ್ನ ಕೆಲಸ."

ಕುಳಿತೆ. ಹೊಟ್ಟೆ ಹಸಿದಿತ್ತು, ತಲೆ ಸುಡುತ್ತಿತ್ತು. ಆದರೆ ಚೀಲದ ಬಾಯಿ ಬಿಚ್ಚಿದಾಗ ಒಂದೊಂದೇ ಮರಿ ತಾನಾಗಿ ಹೊರಗೆ ಈಜಿ ಹೋಯಿತು. ಒಂದೂ ಸಾಯಲಿಲ್ಲ. ಮೀನಿಗೆ ಆತುರ ಮಾಡಬಾರದು ಎಂದು ಅಂದೇ ಕಲಿತೆ. ಮನುಷ್ಯರ ವಿಷಯದಲ್ಲಿ ಕಲಿಯಲು ಇನ್ನೂ ಐದು ಬೇಸಿಗೆ ಬೇಕಾದವು.

ಈಗ ಜಾನಕಿ ಮಾವಶಿಯ ಸಂಗತಿಗೆ ಬರುತ್ತೇನೆ. ಚಿಕ್ಕಮ್ಮ ಎಂಬ ಅರ್ಥದಲ್ಲಿ ದಂಡೆಯವರೆಲ್ಲ ಅವಳನ್ನು ಮಾವಶಿ ಎನ್ನುತ್ತಿದ್ದರು. ಇಷ್ಟೆಲ್ಲ ಬರೆಯಲು ಕುಳಿತದ್ದೇ ಅವಳ ಕಾರಣಕ್ಕೆ.

ಜೋಯಿಡಾ ಕಡೆಯ ಹಿನ್ನೀರಿನ ಕೆಳಗೆ ಹಳೆಯ ಊರುಗಳಿವೆ. ಮಾವಶಿಯ ಊರೂ ಅವುಗಳಲ್ಲೊಂದು. ಊರು ಮುಳುಗಿದಾಗ ಅವಳಿಗೆ ಮೂವತ್ತು ದಾಟಿತ್ತು. ಹೊಸ ಜಾಗಕ್ಕೆ ಹೋದ ಮೇಲೆ ಗಂಡ ತೀರಿಕೊಂಡ. ಅವಳು ಎರಡು ಬಲೆ, ಒಂದು ಹರಿಗೋಲು ಹಿಡಿದು ತನ್ನ ಊರಿನ ಮೇಲೆ ನಿಂತ ನೀರಿಗೇ ಮರಳಿ ಬಂದಳು. ಮನೆಮಾತು ಕೊಂಕಣಿ, ದಾಂಡೇಲಿ ಹಳಿಯಾಳದ ಸಂತೆಯಲ್ಲಿ ಮೀನು ಮಾರಿ ಕಲಿತ ಕನ್ನಡ, ನಡುನಡುವೆ ಮರಾಠಿ.

ಹಿನ್ನೀರಿನಲ್ಲಿ ಬಲೆ ಹಾಕುವವರ ದೊಡ್ಡ ತಾಪತ್ರಯ ಮರದ ಬೊಡ್ಡೆಗಳು. ನೀರು ತುಂಬಿದಾಗ ಮುಳುಗಿದ ಮರಗಳ ಕಾಂಡಗಳು ತಳದಲ್ಲಿ ಹಾಗೇ ನಿಂತಿರುತ್ತವೆ. ಬೇಸಿಗೆಯಲ್ಲಿ ನೀರು ಇಳಿದಂತೆ ಅವು ಮೇಲಿನ ನೀರಿಗೆ ಹತ್ತಿರವಾಗುತ್ತವೆ. ಸಂಜೆ ಕಟ್ಟಿದ ಬಲೆಯನ್ನು ಬೆಳಿಗ್ಗೆ ಎಳೆದರೆ ಹರಿದು ಚಿಂದಿಯಾಗಿ ಬರುತ್ತದೆ. ಎಲ್ಲರ ಬಲೆಯೂ ಹರಿಯುತ್ತಿತ್ತು, ಮಾವಶಿಯದು ಮಾತ್ರ ಇಲ್ಲ. ಒಂದು ದಿನ ಅವಳ ಹರಿಗೋಲಿನಲ್ಲಿ ಕುಳಿತು ನೋಡಿದೆ. ಸುತ್ತ ಬರೀ ನೀರು. ಅವಳು ದೂರದ ಎರಡು ಗುಡ್ಡಗಳನ್ನು ನೋಡಿ ಅಂದಾಜು ಹಿಡಿದು ಹುಟ್ಟು ಹಾಕುತ್ತ ಹೇಳತೊಡಗಿದಳು.

"ಇದು ದೊಡ್ಡ ರಸ್ತಾ. ಇಲ್ಲಿ ಬಲಿ ಹಾಕಬಹುದು, ಏನೂ ಅಡ್ಡಿಲ್ಲ. ಇದು ಶೇಟಜೀ ಅಂಗಡಿ. ಬಾಜೂಕ ಎರಡ ಮಾವಿನ ಬೊಡ್ಡಿ ಅದಾವ, ದೂರ ಸರೀಬೇಕು. ಇದು ಗುಡಿ ಕಟ್ಟಿ. ಇದು..." ಎಂದು ಹುಟ್ಟು ನಿಲ್ಲಿಸಿ, "ಇದು ನಮ್ಮ ಹಿತ್ತಲ. ಹಲಸಿನ ಬೊಡ್ಡಿ ಐತಿ. ಬಲಿ ಅದಕ್ಕ ತಾಗಬಾರ್ದು, ಭಾಳ ದೂರನೂ ಹೋಗಬಾರ್ದು. ಬರೋಬರಿ ಒಂದ ಮಾರು."

ನಾನು ಪುಸ್ತಕದಲ್ಲಿ ಬರೆದುಕೊಂಡೆ. ಒಂದು ಮಾರು ಏಕೆ, ಅದಕ್ಕಿಂತ ದೂರ ಏಕೆ ಹೋಗಬಾರದು ಎಂದು ಕೇಳಬೇಕಿತ್ತು. ಕೇಳಲಿಲ್ಲ. ಬೊಡ್ಡೆಗಳಿಂದ ಬಲೆ ಹರಿಯುತ್ತದೆ ಎಂಬ ಅರ್ಧ ಮಾತು ಮಾತ್ರ ನನ್ನ ತಲೆಯಲ್ಲಿ ಕುಳಿತಿತು.

ಐದನೆಯ ಬೇಸಿಗೆಯಲ್ಲಿ ನೀರು ಎಂದಿಗಿಂತ ಕೆಳಗೆ ಇಳಿಯಿತು. ಆ ಕೊಳ್ಳದ ಬೊಡ್ಡೆಗಳೆಲ್ಲ ಬಯಲಿಗೆ ಬಿದ್ದವು. ಇದೇ ಸಮಯ ಎಂದು ಮೀನುಗಾರರ ಉಪಕಾರಕ್ಕಾಗಿ ನಾನೇ ಮೇಲೆ ಬರೆದೆ, ನಾನೇ ಬೆನ್ನುಹತ್ತಿ ಅಪ್ಪಣೆ ತಂದೆ. ಗರಗಸ ಹಿಡಿದ ಆಳುಗಳು ಬಂದರು. ಒಣಗಿ ಬಿರಿದ ಕೆಸರಿನ ಮೇಲೆ ಚಪ್ಪಲಿ ಸದ್ದು ಮಾಡುತ್ತ ನಾನು ಬೀಗುತ್ತ ಓಡಾಡಿದೆ. ಮೂರನೆಯ ದಿನ ಮಾವಶಿ ಬಂದಳು. ಕಟ್ಟೆಯ ಕಲ್ಲುಗಳು, ಅಂಗಡಿಯ ಅಡಿಪಾಯ ಎಲ್ಲ ಕಾಣುತ್ತಿದ್ದವು. ಅವಳು ನೇರವಾಗಿ ಹೋಗಿ ಹಲಸಿನ ಬೊಡ್ಡೆಯ ಹತ್ತಿರ ನಿಂತಳು. ಅಷ್ಟು ವರ್ಷ ನೀರಿನಲ್ಲಿದ್ದರೂ ಆ ಮರ ಗಟ್ಟಿಯಾಗಿಯೇ ಇತ್ತು.

"ಸಾಹೇಬ್ರ, ಇದನ್ನೂ ಕಡೀತೀರೇನು?"

"ಒಂದು ಬಿಟ್ರ ಎಲ್ಲಾರ ಬಲಿ ಅದಕ್ಕ ಸಿಗತಾವ, ಮಾವಶಿ. ನಿಮಗೂ ಇನ್ನ ದೂರ ಸರಿಯೂ ತ್ರಾಸ ಇಲ್ಲ ನೋಡ್ರಿ."

ಅವಳು ಬೊಡ್ಡೆಯನ್ನು ಒಮ್ಮೆ ಮುಟ್ಟಿ ಹೊರಟುಹೋದಳು. ಅದನ್ನು ಕಡಿಯಲು ಅರ್ಧ ದಿನ ಹಿಡಿಯಿತು.

ಆ ಕೆಲಸಕ್ಕೆ ನನಗೆ ಶಾಭಾಸಕಿ ಸಿಕ್ಕಿತು. ಮುಂದಿನ ಬೇಸಿಗೆ ಬಂತು. ನೀರು ಎದೆಮಟ್ಟಕ್ಕೆ ಇಳಿದಾಗ ಬಲೆ ಕಟ್ಟಿದರು. ಬೆಳಿಗ್ಗೆ ಎಳೆದ ಬಲೆಗಳು ಒಂದೂ ಹರಿದಿರಲಿಲ್ಲ. ಒಂದರಲ್ಲೂ ಮೀನಿರಲಿಲ್ಲ. ಒಂದು ವಾರ, ಎರಡು ವಾರ, ಇಡೀ ಬೇಸಿಗೆ ಹಾಗೇ ಹೋಯಿತು. ಹಲಗೆಯ ಮೇಲೆ ಏನು ಬರೆಯಬೇಕೆಂದು ತಿಳಿಯದೆ ನಾನು ನೀರಿನ ಬಿಸಿಯನ್ನಷ್ಟೇ ಬರೆದೆ. ಬಸ್ತ್ಯಾಂವ ತಲೆ ಕೆರೆದುಕೊಂಡು ಕೊನೆಗೊಂದು ದಿನ ಬಾಯಿ ಬಿಟ್ಟ: "ಬಿಸಲಾಗ ನಾವು ಗಿಡದ ನೆಳ್ಳಿಗೆ ಕೂಡೂದಿಲ್ಲೇನ್ರಿ? ಅವೂ ಕೂಡ್ತಿದ್ವು. ಬೊಡ್ಡಿಗೆ ಪಾಚಿ ಹತ್ತಿರ್ತಿತ್ತು, ಅದನ್ನ ತಿಂತಿದ್ವು. ನಾವು ಅವ್ರ ಮನಿ ಕಿತ್ತ ಒಗದ್ವಿ."

ಮೀನು ತಿನ್ನದವನು ಎಂದು ಜನ ನನ್ನನ್ನು ನಗಾಡುತ್ತಿದ್ದರು, ಅದಕ್ಕೆ ನನಗೆ ಬೇಸರವಿರಲಿಲ್ಲ. ಮೀನು ಎಲ್ಲಿ ಕೂಡುತ್ತದೆ ಎಂದು ಐದು ವರ್ಷದಲ್ಲಿ ಒಮ್ಮೆಯೂ ಕೇಳದವನು ನಾನು ಎಂಬುದು ಅಂದು ಗೊತ್ತಾಯಿತು. ನಾಚಿಕೆಯಿಂದ ಸತ್ತು ಹೋಗಬೇಕು ಅನ್ನಿಸಿತು.

ಮಾವಶಿಯ ಮನೆಗೆ ಹೋದೆ. ಬಲೆಗಳು ಮಡಿಚಿ ಜಂತಿಗೆ ತೂಗುಬಿದ್ದಿದ್ದವು. ಅವಳು ಆ ಬೇಸಿಗೆಯಲ್ಲಿ ಯಾರದೋ ಗೇರುತೋಟಕ್ಕೆ ಕೂಲಿಗೆ ಹೋಗುತ್ತಿದ್ದಳು. ನನಗೆ ಬೆಲ್ಲದ ಚಹಾ ಕೊಟ್ಟಳು. ನಾನು ತಪ್ಪಾಯಿತು ಎಂದೆ. ಮೀನು ಅಲ್ಲಿ ಇರುತ್ತಿದ್ದದ್ದು ನಿಮಗೆ ಗೊತ್ತಿತ್ತು, ಯಾಕೆ ಹೇಳಲಿಲ್ಲ ಎಂದೂ ಕೇಳಿದೆ.

"ನಾ ಕೇಳಿದ್ನಿ" ಎಂದಳು. "ಇದನ್ನೂ ಕಡೀತೀರೇನು ಅಂತ ಕೇಳಿದ್ನಿ. ಯಾಕ ಕೇಳಾಕತ್ತೀ ಅಂತ ನೀವು ಕೇಳಲಿಲ್ಲ."

ಲೋಟ ಕೆಳಗಿಟ್ಟು ಎದ್ದು ಬಂದೆ. ಆ ಮಾತು ಇಂದಿಗೂ ನನ್ನ ಜೊತೆಗಿದೆ.

ಮಳೆಗಾಲ, ಚಳಿಗಾಲ ಕಳೆಯಿತು. ಮತ್ತೆ ನೀರು ಇಳಿಯತೊಡಗಿದಾಗ ಬಸ್ತ್ಯಾಂವ ಮತ್ತು ನಾನು ಬಿದಿರಿನ ಮೆಳೆ, ಮುಳ್ಳುಕೊಂಬೆ ಕಡಿದು ದೊಡ್ಡ ದೊಡ್ಡ ಹೊರೆ ಕಟ್ಟಿದೆವು. ಹೊರೆಗೆ ಕಲ್ಲು ಬಿಗಿದು ಮುಳುಗಿಸಿದರೆ ಮೀನಿಗೆ ನೆರಳಾಗುತ್ತದೆ, ಪಾಚಿಯೂ ಹತ್ತುತ್ತದೆ. ಎಲ್ಲಿ ಮುಳುಗಿಸುವುದು? ನನ್ನ ಪುಸ್ತಕದಲ್ಲಿ ಅವಳು ಹೇಳಿದ ಹೆಸರುಗಳಿದ್ದವು, ಜಾಗವಿರಲಿಲ್ಲ. ಮತ್ತೆ ಅವಳ ಬಾಗಿಲಿಗೆ ಹೋದೆ.

"ಮಾವಶಿ, ಎಲ್ಲಿ ಇಡಲಿ?"

ಅವಳು ಅಂಗಳ ಗುಡಿಸುವುದನ್ನು ಮುಂದುವರಿಸಿದಳು. ನಾನು ಜಗುಲಿಯ ಮೇಲೆ ಸುಮ್ಮನೆ ಕುಳಿತೆ. ಸನವಳ್ಳಿಯ ಚೀಲ ನೆನಪಾಯಿತು, ಆತುರ ಮಾಡಲಿಲ್ಲ. ಕೊನೆಗೆ ಅವಳು ಸೀರೆಯ ಕಚ್ಚೆ ಬಿಗಿದು ಮುಂದೆ ನಡೆದಳು.

ಆ ದಿನದಷ್ಟು ಚಂದದ ದಿನ ನನ್ನ ನೌಕರಿಯಲ್ಲಿ ಇನ್ನೊಂದಿಲ್ಲ. ಅವಳು ಹರಿಗೋಲಿನಲ್ಲಿ ಕುಳಿತು ಊರನ್ನು ಮತ್ತೆ ಕಟ್ಟಿಸಿದಳು. "ಇಲ್ಲಿ ಒಂದು ಇಡ್ರಿ, ಗುಡಿ ಕಟ್ಟಿ. ಇಲ್ಲಿ ಎರಡು, ಶೇಟಜೀ ಅಂಗಡಿ. ಅಲ್ಲಿ ಯಾವಾಗಲೂ ಮಂದಿ ಇರ್ತಿದ್ರು." ನಾನು ಈ ಸಲ ಪ್ರತಿಯೊಂದಕ್ಕೂ ಏಕೆ ಎಂದು ಕೇಳಿದೆ, ಅವಳು ಹೇಳಿದಳು. ಕೇಳಿ ಕೇಳಿ ನಾನು ಬೇಜಾರು ತರಿಸಿದೆ ಎಂದು ಬಸ್ತ್ಯಾಂವ ರೇಗಿದ. ಹೊರೆ ಮುಗಿಯುತ್ತ ಬಂದವು. ಅವಳ ಹಿತ್ತಲಿನ ಜಾಗಕ್ಕೆ ಬಂದೆವು. ನಾನು ಎಲ್ಲಕ್ಕಿಂತ ದೊಡ್ಡ ಹೊರೆಯನ್ನು ಅದಕ್ಕೆಂದೇ ಉಳಿಸಿಕೊಂಡಿದ್ದೆ.

"ಇಲ್ಲಿ ಬ್ಯಾಡ" ಎಂದಳು.

"ಯಾಕ್ರಿ, ಮಾವಶಿ?"

"ಇಲ್ಲಿ ಹಲಸಿತ್ತು. ಬಿದಿರು ಬ್ಯಾಡ."

ಆ ಹೊರೆಯನ್ನು ಗುಡಿಯ ಹತ್ತಿರ ಇಳಿಸಿದೆವು. ಮುಂದಿನ ಬೇಸಿಗೆಯಲ್ಲಿ ಬೆಳಿಗ್ಗೆ ಬಲೆ ಎತ್ತಿದ ಬಸ್ತ್ಯಾಂವ ನಡುನೀರಿನಿಂದಲೇ ಕೂಗಿದ, "ಸಾಹೇಬ್ರ, ಶೇಟಜೀ ಅಂಗಡ್ಯಾಗ ಗಿರಾಕಿ ಬಂದಾವ್ರೀ!" ಮೂರು ರೋಹು, ಒಂದು ಕಟ್ಲಾ. ಜಂತಿಯಲ್ಲಿದ್ದ ಮಾವಶಿಯ ಬಲೆ ಕೆಳಗಿಳಿಯಿತು. ಅಂದಿನಿಂದ ಪ್ರತಿ ಬೇಸಿಗೆಯಲ್ಲೂ ಕೊಳೆತ ಹೊರೆ ತೆಗೆದು ಹೊಸದು ಇಡುವುದು ಆ ಕೊಳ್ಳದ ಪದ್ಧತಿಯಾಯಿತು. ಹಿತ್ತಲಿನ ಜಾಗ ಮಾತ್ರ ಖಾಲಿ. ಪ್ರತಿ ವರ್ಷ ನಾನು ಅಲ್ಲಿ ಹುಟ್ಟು ನಿಲ್ಲಿಸಿ ಅವಳ ಮುಖ ನೋಡುತ್ತಿದ್ದೆ, ಅವಳು ಮುಂದೆ ಎಂದು ಕೈ ಮಾಡುತ್ತಿದ್ದಳು. ಜಗಳವಿಲ್ಲ, ಮುನಿಸಿನ ಮಾತಿಲ್ಲ. ಮನೆಯಲ್ಲಿ ಹಪ್ಪಳ ಮಾಡಿದರೆ ನನಗೂ ಕಟ್ಟಿ ಕೊಡುವಳು. ಆದರೆ ಅದೊಂದನ್ನು ಅವಳು ಮನ್ನಿಸಿಲ್ಲ ಎಂದು ನನಗೆ ಗೊತ್ತಿತ್ತು. ಕೇಳುವ ಮುಖ ನನಗಿರಲಿಲ್ಲ.

ವರ್ಷಗಳು ಹೋದವು, ಕೆಲಸದ ರೀತಿ ಬದಲಾಯಿತು. ಹಲಗೆ ಹೋಗಿ ಮೊಬೈಲ್ ಗುಂಪು ಬಂತು. ತಗಡಿನ ತಟ್ಟೆಯ ಜಾಗಕ್ಕೆ ನೀರಿನೊಳಗಿನ ಮೀನಿನ ನೆರಳು ತೋರಿಸುವ ಯಂತ್ರ ಬಂತು. ಶಬಾನಾ ಅದನ್ನು ನನಗಿಂತ ಚೆನ್ನಾಗಿ ನಡೆಸುತ್ತಾಳೆ, ನಡೆಸಲಿ. ಯಂತ್ರ ಮೀನು ಎಲ್ಲಿದೆ ಎಂದು ಹೇಳುತ್ತದೆ. ಅಲ್ಲೇ ಏಕಿದೆ ಎಂದು ತಿಳಿಯಬೇಕಾದರೆ ದಂಡೆಯಲ್ಲಿ ಕುಳಿತವರ ಹತ್ತಿರ ಕುಳಿತುಕೊಳ್ಳಬೇಕು, ತಂಗೀ. ಬೇಸಿಗೆಯಲ್ಲಿ ನಮಗಿರುವ ಕೆಲಸ ಅದೇ. ಅಂದು ಮಜ್ಜಿಗೆ ಎಂದು ಹಾರಿಸಿದ್ದಕ್ಕೆ ಕ್ಷಮಿಸು.

ನಿವೃತ್ತಿಗೆ ಒಂದು ವಾರ ಇದ್ದಾಗ ಕೊನೆಯ ಸಲ ಹಿನ್ನೀರಿಗೆ ಹೋದೆ. ಬಸ್ತ್ಯಾಂವನ ಗುಂಗುರು ಕೂದಲು ಪೂರ್ತಿ ಬೆಳ್ಳಗಾಗಿದೆ, ಕಾಲು ಮಾತ್ರ ಈಗಲೂ ನೀರಿನಲ್ಲಿ. ಮಾವಶಿ ಮೊಣಕಾಲು ನೋವೆಂದು ಎರಡು ವರ್ಷದಿಂದ ದಂಡೆಗೆ ಬಂದಿರಲಿಲ್ಲ. ಅಂದು ಬಂದಿದ್ದಳು. ಪಕ್ಕದಲ್ಲಿ ಹಸಿರು ಕೊಂಬೆಗಳ ಒಂದು ಹೊರೆ, ಕಲ್ಲು ಬಿಗಿದು ತಯಾರಾಗಿತ್ತು. ಎಲೆ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಹಲಸು.

"ಎಲ್ಲಿಂದು, ಮಾವಶಿ?"

"ಊರ ಬಿಡೂ ಮುಂದ ಆ ಗಿಡದ್ದು ಬೀಜ ಕಟಗೊಂಡ ಬಂದಿದ್ನಿ. ಈಗ ಮನಿ ಮುಂದ ದೊಡ್ಡ ಗಿಡ ಆಗೇತಿ. ನೀವು ಅದರ ಕೆಳಗ ಕುಂತು ಎಷ್ಟ ಸಲ ಚಾ ಕುಡದೀರಿ. ಇದರ ಬೀಜ ಎಲ್ಲಿಂದು ಅಂತ ಕೇಳಲಿಲ್ಲ."

ಇಷ್ಟು ವರ್ಷವಾದರೂ ನನಗೆ ಕೇಳುವುದು ಬಂದಿರಲಿಲ್ಲ. ಬಸ್ತ್ಯಾಂವ ಮುಖ ತಿರುಗಿಸಿಕೊಂಡು ನಕ್ಕ. ಇಬ್ಬರೂ ಸೇರಿ ಅವಳನ್ನು ಹರಿಗೋಲಿಗೆ ಹತ್ತಿಸಿದೆವು. ಹಿತ್ತಲಿನ ಜಾಗದಲ್ಲಿ ನೀರು ಸೊಂಟಮಟ್ಟಕ್ಕೆ ಇಳಿದಿತ್ತು, ತಳ ಕಾಣುವಷ್ಟು ತಿಳಿ. ಬಸ್ತ್ಯಾಂವ ಹೊರೆಗೆ ಕೈ ಹಾಕಿದ. ಮಾವಶಿ ಅವನನ್ನು ತಡೆದಳು.

"ನೀ ಬಿಡು. ಸಾಹೇಬ್ರ, ಕಡಿಸಿದವ್ರು ನೀವು. ನೀವ ಇಡ್ರಿ."

ಪ್ಯಾಂಟು ಅಂಗಿ ಸಮೇತ ನೀರಿಗೆ ಇಳಿದೆ. ಹೊರೆಯನ್ನು ಅಪ್ಪಿಕೊಂಡು ಇಳಿಸಿ, ಕಲ್ಲು ಸರಿಯಾಗಿ ಕೂಡಿಸುವಾಗ ಪಾದಕ್ಕೆ ಏನೋ ಗಟ್ಟಿಯಾದದ್ದು ತಾಗಿತು. ಕಡಿದ ಬೊಡ್ಡೆಯ ಬುಡ. ಅದರ ಮೇಲೆಯೇ ಹೊರೆ ಕೂಡಿಸಿದೆ. ಕಣ್ಣು ತುಂಬಿ ಬಂತು, ಮುಖಕ್ಕೆ ನೀರು ಎರಚಿಕೊಂಡೆ. ಮೇಲೆ ಹತ್ತಿ ಕುಳಿತು, ಇನ್ನು ಹೋಗೋಣ ಎಂದೆ.

"ಗಡಬಡ ಮಾಡಬ್ಯಾಡ್ರಿ. ಕೂಡ್ರಿ" ಎಂದಳು.

ಕುಳಿತೆವು. ಒದ್ದೆ ಬಟ್ಟೆ ಬಿಸಿಲಿಗೆ ಒಣಗುತ್ತ ಬಂತು. ಅರ್ಧ ತಾಸು ಆಗಿರಬೇಕು. ಮಾವಶಿ ಹರಿಗೋಲಿನ ಅಂಚಿಗೆ ಬಾಗಿ ನೀರಿನೊಳಗೆ ನೋಡುತ್ತಲೇ ಇದ್ದಳು. ಕೆಳಗೆ ಒಂದು ಎಲೆ ಅಲುಗಿತು, ಅದರ ಪಕ್ಕದ್ದು ಇನ್ನೊಂದು. ಬೆರಳುದ್ದದ ನಾಲ್ಕೈದು ಮರಿಗಳು.

"ಬಂದ್ವು" ಎಂದಳು.

"ಎಲ್ಲಿಗೆ ಬಂದ್ವು, ಮಾವಶಿ?" ಎಂದು ಕೇಳಿದೆ.

ಅವಳು ತಲೆಯೆತ್ತಿ ನನ್ನನ್ನು ನೋಡಿದಳು.

"ನಮ್ಮ ಹಿತ್ತಲಕ್ರೀ."